ಮಕ್ಕಳ ದೀರ್ಘಕಾಲಿಕ ಮೂತ್ರಪಿಂಡ ರೋಗ ಮತ್ತು ಆಹಾರ: ಸೊಲ್ಲಾಪುರ–ಅಕ್ಕಲಕೋಟ ಸೀಮೆ

ಮೂತ್ರಪಿಂಡದ ರಚನೆಯಲ್ಲೋ ಕೆಲಸದಲ್ಲೋ ಕಂಡ ದೋಷ ಮೂರು ತಿಂಗಳು ಮೀರಿ ಉಳಿದರೆ ಅದು ದೀರ್ಘಕಾಲಿಕ ರೋಗ. ದೊಡ್ಡವರಲ್ಲಿ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಮುಖ್ಯ ಕಾರಣಗಳು. ಮಕ್ಕಳಲ್ಲಿ ಮೂತ್ರಪಿಂಡ, ಮೂತ್ರಮಾರ್ಗಗಳ ಹುಟ್ಟುದೋಷಗಳೇ ಹೆಚ್ಚು. ಮಗು ಬೆಳೆಯಲೂ ಬೇಕು. ಹೀಗಾಗಿ ಅಜ್ಜನಿಗೆ ಬರೆದುಕೊಟ್ಟ ಪಥ್ಯ ಮೊಮ್ಮಗನಿಗೆ ಸಲ್ಲದು.

ಪ್ರೋಟೀನ್

ಪ್ರೋಟೀನ್ ಇಳಿಸಿದರೆ ರೋಗದ ಓಟ ತಗ್ಗೀತೇ? 1997ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೇ ಇದಕ್ಕೆ ಇಂದಿಗೂ ಮುಖ್ಯ ಆಧಾರ. 191 ಮಕ್ಕಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, ಒಂದು ಗುಂಪಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.8ರಿಂದ 1.1 ಗ್ರಾಂ ಪ್ರೋಟೀನ್ ಗೊತ್ತುಮಾಡಿದರು. ಎರಡು ವರ್ಷದ ಬಳಿಕ ಮೂತ್ರಪಿಂಡದ ಕುಸಿತದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಬೆಳವಣಿಗೆ ಕುಂಠಿತವಾಗಲಿಲ್ಲವೆಂಬುದೂ ನಿಜ. ಆದರೆ ಅದು ತೂಗಿ ಅಳೆದ ಆಹಾರ. ಮನೆಯಲ್ಲಿ ಬ್ಯಾಳಿ, ಹಾಲು, ತತ್ತಿ ಬಿಡಿಸಿ ಬರೀ ಅನ್ನಕ್ಕೆ ಇಳಿಸಿದ ಮಗುವಿಗೆ ಆ ಭರವಸೆ ಕೊಡಲಾಗದು. ಆ ಅಧ್ಯಯನದಲ್ಲಿ ಕುಸಿತದ ಮುನ್ಸೂಚನೆ ಕೊಟ್ಟದ್ದು ಮೂತ್ರದಲ್ಲಿ ಸೋರುವ ಪ್ರೋಟೀನ್ ಮತ್ತು ರಕ್ತದೊತ್ತಡ. 385 ಮಕ್ಕಳ ಎಸ್ಕೇಪ್ ಅಧ್ಯಯನವು (2009) ರಕ್ತದೊತ್ತಡವನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕುಸಿತ ನಿಧಾನವಾಗುತ್ತದೆಂದು ತೋರಿಸಿತು.

ಉಪ್ಪು

ರಕ್ತದೊತ್ತಡ ಏರಿದ ಮಗುವಿಗೆ ಉಪ್ಪಿನಕಾಯಿ, ಹಪ್ಪಳ, ಪಾಕೀಟಿನ ಚಿಪ್ಸ್ ಕಡಿಮೆಯಾಗಬೇಕು. ಹುಟ್ಟುದೋಷವಿರುವ ಕೆಲವು ಮಕ್ಕಳದು ಇದಕ್ಕೆ ತದ್ವಿರುದ್ಧ: ಮೂತ್ರದಲ್ಲೇ ಉಪ್ಪೂ ನೀರೂ ಸೋರಿಹೋಗುತ್ತವೆ. ಅಂಥವರಿಗೆ ಉಪ್ಪು ಬಿಡಿಸಿದರೆ ಬೆಳವಣಿಗೆ ಕುಂಠಿತವಾಗಬಹುದು. 40 ಡಿಗ್ರಿ ದಾಟುವ ಸೊಲ್ಲಾಪುರದ ಬೇಸಿಗೆಯಲ್ಲಿ ನೀರು ತಡೆಹಿಡಿಯುವುದಂತೂ ಅಪಾಯ.

ಈ ಸೀಮೆಯ ಊಟ

ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಳಿ ಇಲ್ಲಿನ ನಿತ್ಯದ ಊಟ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, 375 ಮಿಲಿಗ್ರಾಂ ರಂಜಕ (ಫಾಸ್ಫರಸ್), 700 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಅಂಕಿ ನೋಡಿ ಹಿಂಡಿಯನ್ನೇ ನಿಷೇಧಿಸುವುದು ಅವಸರದ ತೀರ್ಮಾನ. ಕಾಳು, ಧಾನ್ಯಗಳ ರಂಜಕ ಬಹುಪಾಲು ಫೈಟೇಟ್ ರೂಪದಲ್ಲಿರುವುದರಿಂದ ಕರುಳು ಅದನ್ನು ಪೂರ್ತಿ ಹೀರಲಾರದು. ತಂಪು ಪಾನೀಯ, ಸಂಸ್ಕರಿಸಿದ ತಿನಿಸುಗಳಿಗೆ ಬೆರೆಸುವ ಫಾಸ್ಫೇಟ್ ಮಾತ್ರ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ. ಅಂಗಡಿಯ ಕೋಲಾ ಬಿಡಿಸದೆ ಮನೆಯ ಹಿಂಡಿ ಬಿಡಿಸುವುದರಲ್ಲಿ ಅರ್ಥವಿಲ್ಲ. ಹಿಂಡಿಯಲ್ಲಿ ಮೊದಲು ಇಳಿಸಬೇಕಾದದ್ದು, ರಕ್ತದೊತ್ತಡವಿದ್ದವರಿಗೆ, ಉಪ್ಪು.

2016ರಲ್ಲಿ ಭೌಗೋಳಿಕ ಗುರುತು ಪಡೆದ ಸೊಲ್ಲಾಪುರದ ದಾಳಿಂಬೆಯಲ್ಲೂ ಪೊಟ್ಯಾಸಿಯಂ ಉಂಟು. ರಕ್ತಪರೀಕ್ಷೆಯಲ್ಲಿ ಅದು ಏರಿದ್ದರಷ್ಟೇ ಹಣ್ಣಿಗೆ ಮಿತಿ. ತರಕಾರಿಯನ್ನು ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಿದರೆ ಪೊಟ್ಯಾಸಿಯಂ ಒಂದಿಷ್ಟು ಇಳಿಯುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರಾದ್ದರಿಂದ ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.