ಆಸ್ಟ್ರೇಲಿಯಾದ ಒಳನಾಡಿಗೆ ದಾರಿ ತೆರೆದ ಸಾರ್ಬಾನರು



ನಿಮ್ಮ ಮನೆಯಲ್ಲಿ ಭೂಪಟವಿದ್ದರೆ ಒಮ್ಮೆ ಆಸ್ಟ್ರೇಲಿಯಾದ ಪುಟವನ್ನು ತೆರೆದು ನೋಡಿ. ದೊಡ್ಡ ಊರುಗಳೆಲ್ಲ ಕಡಲಂಚಿನಲ್ಲೇ ಕೂತಿವೆ. ನಡುವಿನ ವಿಶಾಲ ಭಾಗದಲ್ಲಿ ಹೆಸರುಗಳೇ ವಿರಳ. ಆ ಬಯಲನ್ನು ಸೀಳಿಕೊಂಡು ದಕ್ಷಿಣದ ಅಡಿಲೇಡ್‌ನಿಂದ ಉತ್ತರದ ಡಾರ್ವಿನ್‌ವರೆಗೆ ಸುಮಾರು 3,000 ಕಿ.ಮೀ. ಉದ್ದದ ಒಂದು ರೈಲುಹಾದಿ ಇದೆ. ಅಲ್ಲಿ ಓಡುವ ಪ್ರಸಿದ್ಧ ರೈಲಿನ ಹೆಸರು 'ಘಾನ್'. ಅದರ ಲಾಂಛನ ಒಂಟೆ. 'ಅಫ್ಘಾನ್' ಎಂಬ ಪದವೇ ಜನರ ಬಾಯಲ್ಲಿ ತುಂಡಾಗಿ 'ಘಾನ್' ಆಯಿತು ಎಂಬುದು ರೂಢಿಯ ಮಾತು. ಆಸ್ಟ್ರೇಲಿಯಾದ ರೈಲಿಗೂ ಅಫ್ಘಾನರಿಗೂ ಏನು ಸಂಬಂಧ? ನಮ್ಮ ಪಠ್ಯಪುಸ್ತಕಗಳು ಹೇಳದ ಆ ಸಂಗತಿಯನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತು. ಭೂಪಟದಲ್ಲಿ ಖಾಲಿ ಕಾಣುವ ನಾಡು ಖಾಲಿಯಾಗಿರಲಿಲ್ಲ. ಅರಬನ, ದಿಯಾರಿ ಮೊದಲಾದ ಮೂಲನಿವಾಸಿ ಜನಾಂಗಗಳು ಅಲ್ಲಿ ಸಾವಿರಾರು ವರ್ಷಗಳಿಂದ ಬಾಳಿದ್ದವು. ನೆಲದೊಳಗಿಂದ ಉಕ್ಕುವ ಚಿಲುಮೆಗಳು ಎಲ್ಲಿವೆ, ಯಾವ ಚಿಲುಮೆಯಿಂದ ಯಾವುದಕ್ಕೆ ಎಷ್ಟು ನಡಿಗೆ ಎಂಬುದು ಅವರಿಗೆ ತಿಳಿದಿತ್ತು. ಮುಂದೆ ಬಂದ ಟೆಲಿಗ್ರಾಫ್ ತಂತಿಯೂ ಹಳೆಯ ರೈಲುಹಾದಿಯೂ ಬಹುದೂರ ಈ ಚಿಲುಮೆಗಳ ಸಾಲನ್ನೇ ಹಿಡಿದು ಹೋದವು. ಹಾಗಿರುವಾಗ ಅಲ್ಲಿಗೆ ಮೊದಲು ಕಾಲಿಟ್ಟವರು ಬಿಳಿಯರೆನ್ನುವುದೂ ಅಫ್ಘಾನರೆನ್ನುವುದೂ ಒಂದೇ ಬಗೆಯ ತಪ್ಪು.

ಬ್ರಿಟಿಷರಿಗೆ ಎದುರಾದ ದೊಡ್ಡ ತೊಡಕು ನೀರು. ಕುದುರೆಗೂ ಎತ್ತಿಗೂ ದಿನವೂ ನೀರು ಬೇಕು. ಅದಿಲ್ಲದ ಕಡೆ ಗಾಡಿ ಮುಂದೆ ಸಾಗದು. ಒಂಟೆ ನೀರಿಲ್ಲದೆ ವಾರಗಟ್ಟಲೆ ನಡೆಯಬಲ್ಲದು, ಕುರುಚಲು ಗಿಡ ತಿಂದೇ ಬದುಕಬಲ್ಲದು, ಬಲವಾದ ಗಂಡೊಂಟೆ 400 ಕಿಲೋಗೂ ಹೆಚ್ಚು ಭಾರ ಹೊರಬಲ್ಲದು. ಆದರೆ ಒಂಟೆಯನ್ನು ತಂದರೆ ಸಾಲದು, ಅದರ ಮಾತು ಬಲ್ಲವನೂ ಬೇಕು. ಉರ್ದುವಿನಲ್ಲಿ ಅವನಿಗೆ 'ಸಾರ್ಬಾನ್' ಎನ್ನುತ್ತೇವೆ.

1860ರಲ್ಲಿ ಬರ್ಕ್ ಮತ್ತು ವಿಲ್ಸ್ ಎಂಬವರ ಅನ್ವೇಷಣಾ ಯಾತ್ರೆಗಾಗಿ ಕರಾಚಿಯಿಂದ 24 ಒಂಟೆಗಳು ಮೆಲ್ಬೋರ್ನ್‌ಗೆ ಬಂದವು, ಜೊತೆಗೆ ಕೆಲವರು ಒಂಟೆಗಾರರೂ ಬಂದರು. ಆ ಯಾತ್ರೆ ದುರಂತದಲ್ಲಿ ಮುಗಿಯಿತು. ನಾಯಕರಿಬ್ಬರೂ 1861ರಲ್ಲಿ ಮರುಭೂಮಿಯಲ್ಲೇ ಸತ್ತರು. ಆದರೆ ಒಂಟೆಯ ಉಪಯೋಗ ಎಲ್ಲರಿಗೂ ಮನವರಿಕೆಯಾಯಿತು. 1866ರಲ್ಲಿ ಥಾಮಸ್ ಎಲ್ಡರ್ ಎಂಬ ಉದ್ಯಮಿ 120ಕ್ಕೂ ಹೆಚ್ಚು ಒಂಟೆಗಳನ್ನೂ 31 ಮಂದಿಯನ್ನೂ ಪೋರ್ಟ್ ಅಗಸ್ಟಾ ಬಂದರಿಗೆ ಕರೆಸಿದ. ಅಲ್ಲಿಂದ ಮುಂದಿನ ಐವತ್ತು ವರ್ಷಗಳಲ್ಲಿ 2,000ಕ್ಕೂ ಹೆಚ್ಚು ಜನ, 10,000ಕ್ಕೂ ಮಿಕ್ಕಿದ ಒಂಟೆಗಳು ಆ ಖಂಡವನ್ನು ಸೇರಿದರು. ಎಲ್ಲರನ್ನೂ 'ಅಫ್ಘಾನ್' ಎಂದೇ ಕರೆದರೂ ಅವರಲ್ಲಿ ಬಲೂಚಿಗಳು, ಪಠಾಣರು, ಸಿಂಧಿಗಳು, ಪಂಜಾಬಿಗಳು, ರಾಜಸ್ಥಾನದವರು ಎಲ್ಲರೂ ಇದ್ದರು. ಹೆಚ್ಚಿನವರು ಮೂರು ವರ್ಷಗಳ ಕರಾರಿನ ಮೇಲೆ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದವರು.

ಅವರು ಹೊತ್ತದ್ದನ್ನು ಗಮನಿಸಿ. 1870ರಿಂದ 1872ರವರೆಗೆ ಖಂಡದ ಉದ್ದಕ್ಕೂ ಟೆಲಿಗ್ರಾಫ್ ತಂತಿ ಎಳೆದಾಗ ಒಂಟೆಗಳು ಸಾಮಾನು ಸಾಗಿಸಿದವು. 1883ರಲ್ಲಿ ಬ್ರೋಕನ್ ಹಿಲ್‌ನಲ್ಲಿ ಬೆಳ್ಳಿ, 1892ರಲ್ಲಿ ಕೂಲ್‌ಗಾರ್ಡಿಯಲ್ಲಿ ಚಿನ್ನ ಸಿಕ್ಕಿತು. ಗಣಿಯ ಯಂತ್ರ, ಹಿಟ್ಟು, ಚಹಾ, ಅಂಚೆ, ಕೊನೆಗೆ ಕುಡಿಯುವ ನೀರು ಕೂಡ ಒಂಟೆಯ ಬೆನ್ನ ಮೇಲೇ ಹೋಯಿತು. ಹೋಗುವಾಗ ಅಕ್ಕಿ ಸಕ್ಕರೆ, ಬರುವಾಗ ಉಣ್ಣೆಯ ಮೂಟೆ. ಕೂಲ್‌ಗಾರ್ಡಿಯ ಪಕ್ಕದ ಕಾಲ್ಗೂರ್ಲಿಗೆ ಕೊಳವೆ ನೀರು ಬಂದದ್ದು 1903ರಲ್ಲಿ, ಸುಮಾರು 530 ಕಿ.ಮೀ. ದೂರದಿಂದ. ಅಲ್ಲಿಯವರೆಗೆ ಬೆವರಿಗಿಂತ ನೀರು ದುಬಾರಿ.

ನೀರಿದ್ದಲ್ಲಿ ಜಗಳವೂ ಇತ್ತು. ಎತ್ತಿನಗಾಡಿಯ ಬಿಳಿಯ ಸಾಗಾಣಿಕೆದಾರರಿಗೆ ಒಂಟೆ ಕಂಡರಾಗದು, ಒಂಟೆಯವನನ್ನು ಕಂಡರೆ ಇನ್ನೂ ಆಗದು. 1894ರಲ್ಲಿ ಕೂಲ್‌ಗಾರ್ಡಿಯಲ್ಲಿ ಅಫ್ಘಾನ್ ವಿರೋಧಿ ಸಂಘವೇ ಹುಟ್ಟಿತು. ಅದೇ ವರ್ಷ ನೀರಿನ ಗುಂಡಿಯೊಂದರ ಬಳಿ ನಡೆದ ಜಗಳದಲ್ಲಿ ಬಿಳಿಯನೊಬ್ಬನ ಗುಂಡಿಗೆ ಇಬ್ಬರು ಒಂಟೆಗಾರರು ಬಲಿಯಾದರು. ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ನಮ್ಮವರೆಲ್ಲ ದೇವದೂತರಾಗಿದ್ದರು ಎಂದೂ ನಾನು ಹೇಳಲಾರೆ. ನೂರಾರು ಒಂಟೆಗಳ ಒಡೆಯನಾಗಿದ್ದ ವ್ಯಾಪಾರಿ ತಾಜ್ ಮುಹಮ್ಮದ್ 1896ರಲ್ಲಿ ಕೂಲ್‌ಗಾರ್ಡಿಯ ಮಸೀದಿಯಲ್ಲಿ ನಮಾಝ್‌ನಲ್ಲಿದ್ದಾಗ ತನ್ನವನೇ ಒಬ್ಬನ ಗುಂಡಿಗೆ ಸತ್ತ. 1915ರ ಜನವರಿ 1ರಂದು, ತುರ್ಕಿಯೊಂದಿಗೆ ಯುದ್ಧ ನಡೆದಿದ್ದಾಗ, ಬ್ರೋಕನ್ ಹಿಲ್‌ನಲ್ಲಿ ಇಬ್ಬರು ವಿಹಾರಕ್ಕೆ ಹೊರಟವರ ರೈಲಿನ ಮೇಲೆ ದಾಳಿ ಮಾಡಿದರು. ಅಂದು ನಾಲ್ವರು ಅಮಾಯಕರು ಸತ್ತರು, ದಾಳಿ ಮಾಡಿದವರೂ ಸತ್ತರು. ಇದಕ್ಕೆ ಸಮರ್ಥನೆ ಹುಡುಕುವ ಅಗತ್ಯ ನಮಗಿಲ್ಲ. ಅಂದು ರಾತ್ರಿ ಉದ್ರಿಕ್ತ ಗುಂಪು ಊರಿನ ಜರ್ಮನ್ ಕ್ಲಬ್‌ಗೆ ಬೆಂಕಿಯಿಟ್ಟಿತು. ಒಂಟೆಗಾರರ ಬಿಡಾರದತ್ತ ಹೋದವರನ್ನು ಪೊಲೀಸರು ತಡೆದರು.

ವಾರಕ್ಕೊಮ್ಮೆ ಕನ್ನಡದಲ್ಲಿ ಉಕ್ತಲೇಖನ, ಉರ್ದುವಿನಲ್ಲಿ ಇಮ್ಲಾ ಬರೆಸುವುದು ನನ್ನ ಕಸುಬು. ಆದ್ದರಿಂದ ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಗುಂಡೂ ಅಲ್ಲ, ಬೆಂಕಿಯೂ ಅಲ್ಲ, ಒಂದು ಉಕ್ತಲೇಖನ. 1901ರಲ್ಲಿ ಆಸ್ಟ್ರೇಲಿಯಾ ವಲಸೆ ನಿರ್ಬಂಧ ಕಾಯ್ದೆಯನ್ನು ತಂದಿತು. ಒಳಬರುವವನು ಅಧಿಕಾರಿ ಹೇಳಿದ 50 ಪದಗಳನ್ನು ಯಾವುದಾದರೂ ಒಂದು ಐರೋಪ್ಯ ಭಾಷೆಯಲ್ಲಿ ಬರೆಯಬೇಕು. ಭಾಷೆಯನ್ನು ಆರಿಸುವವನು ಅಧಿಕಾರಿ! ಇಂಗ್ಲಿಷ್ ಬಂದರೆ ಬೇರೊಂದು ಭಾಷೆ ಕೊಡಬಹುದು. ಹಲವು ಭಾಷೆ ಬಲ್ಲ ಎಗೋನ್ ಕಿಷ್ ಎಂಬ ಯುರೋಪಿಯನ್ ಪತ್ರಕರ್ತನಿಗೇ 1934ರಲ್ಲಿ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟು ಫೇಲು ಮಾಡಿದರು. ವಿದ್ಯಾರ್ಥಿಗಳೇ, ಮೇಷ್ಟ್ರು ಫೇಲು ಮಾಡಲೆಂದೇ ಬರೆಸುವ ಉಕ್ತಲೇಖನವನ್ನು ಊಹಿಸಿಕೊಳ್ಳಿ. ಈ ಪರೀಕ್ಷೆ ರದ್ದಾದದ್ದು 1958ರಲ್ಲಿ.

ಇಪ್ಪತ್ತು ವರ್ಷ ಅಲ್ಲೇ ದುಡಿದ ಸಾರ್ಬಾನ್ ತಾಯಿಯನ್ನು ನೋಡಲು ಊರಿಗೆ ಹೋಗಿ ಮರಳಬೇಕಾದರೆ ಹೊರಡುವ ಮೊದಲೇ ಪರೀಕ್ಷೆಯಿಂದ ವಿನಾಯಿತಿ ಪತ್ರ ಪಡೆಯಬೇಕಿತ್ತು. ಅಂಥ ಪತ್ರಗಳು ಇಂದಿಗೂ ಅಲ್ಲಿನ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಒಂದು ಬದಿಯಲ್ಲಿ ಪೇಟ ಸುತ್ತಿದ ಮುಖದ ಭಾವಚಿತ್ರ, ಇನ್ನೊಂದು ಬದಿಯಲ್ಲಿ ಮಸಿ ಹಚ್ಚಿ ಒತ್ತಿಸಿದ ಅಂಗೈ. 1903ರ ಕಾಯ್ದೆ ಏಷ್ಯಾದವರಿಗೆ ಪೌರತ್ವದ ಬಾಗಿಲನ್ನೂ ಮುಚ್ಚಿತು.

ಆದರೂ ಕೆಲವರು ಉಳಿದರು. ರೈಲು 1884ರಲ್ಲಿ ಮುಟ್ಟಿದ ಮರ್ರೀ ಎಂಬ ಊರು ಅವರ ದೊಡ್ಡ ನೆಲೆ. ರೈಲುಹಳಿಯ ಒಂದು ಬದಿ ಬಿಳಿಯರ ಮನೆಗಳು, ಇನ್ನೊಂದು ಬದಿ ಅಫ್ಘಾನರೂ ಮೂಲನಿವಾಸಿಗಳೂ. ಅವರಲ್ಲಿ ಪರಸ್ಪರ ಮದುವೆಗಳಾದವು. ಆ ಮನೆತನಗಳು ಇಂದಿಗೂ ಇವೆ. ಮಣ್ಣಿನ ಗೋಡೆಯ ಪುಟ್ಟ ಮಸೀದಿಯನ್ನೂ ಖರ್ಜೂರದ ತೋಪನ್ನೂ ಅವರು ಅಲ್ಲಿ ಎಬ್ಬಿಸಿದರು. ಬಲೂಚಿಸ್ತಾನದ ಬೆಜಾ ದರ್ವೇಶ್ 1896ರ ಕಾಲ್ವರ್ಟ್ ಅನ್ವೇಷಣೆಯಲ್ಲಿ ತೋರಿದ ಧೈರ್ಯಕ್ಕೆ ಮೆಚ್ಚಿ ತಂಡದ ನಾಯಕ ವೆಲ್ಸ್ ತನ್ನ ದಿಕ್ಸೂಚಿಯನ್ನೇ ಉಡುಗೊರೆಯಾಗಿ ಕೊಟ್ಟ. ಬೆಜಾ 1957ರಲ್ಲಿ ತೀರಿಕೊಂಡರು. ಅವರ ಮಗ ಜಾಕ್ 1939ರಲ್ಲಿ ಸಿಂಪ್ಸನ್ ಮರುಭೂಮಿಯನ್ನು ದಾಟಿದ ತಂಡದಲ್ಲಿದ್ದ. ಅಡಿಲೇಡ್ ನಗರದಲ್ಲಿ 1888-89ರಲ್ಲಿ ಕಟ್ಟಿದ ಮಸೀದಿ ಈಗಲೂ ಬಳಕೆಯಲ್ಲಿದೆ. ಅದರ ನಾಲ್ಕು ಮಿನಾರುಗಳು 1903ರಲ್ಲಿ ಸೇರಿದವು.

ರೈಲುಹಾದಿಗೆ ಸಾಮಾನು ಹೊತ್ತ ಒಂಟೆಗೆ ರೈಲೇ ಮುಳುವಾಯಿತು. ಹಳಿ 1891ರಲ್ಲಿ ಊಡ್ನಡಾಟ, 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ತಲುಪಿತು. ಮೋಟಾರು ಲಾರಿಯೂ ಬಂತು. 1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಬಿಡಾಡಿ ಒಂಟೆಗಳನ್ನು ಕೊಲ್ಲಲು ಕಾಯ್ದೆ ಮಾಡಿತು. ಬದುಕು ಕೊಟ್ಟ ಪ್ರಾಣಿಯನ್ನು ಕೊಲ್ಲಲು ಕೈ ಬಾರದೆ ಅನೇಕರು ಮೂಗುದಾರ ಬಿಚ್ಚಿ ಒಂಟೆಗಳನ್ನು ಮರುಭೂಮಿಗೆ ಬಿಟ್ಟರು. ಅವುಗಳ ಸಂತತಿ ಬೆಳೆದು ಲಕ್ಷಗಳನ್ನು ಮುಟ್ಟಿತು, ನೀರಿನ ತಾಣಗಳನ್ನು ಹಾಳುಗೆಡವಿತು. 2009ರಿಂದ 2013ರವರೆಗೆ ಸರ್ಕಾರವೇ ಸುಮಾರು 1,60,000 ಒಂಟೆಗಳನ್ನು ಕಡಿಮೆ ಮಾಡಿಸಿತು. ಮರ್ರೀಯ ಮೂಲಕ ಹೋಗುತ್ತಿದ್ದ ಹಳಿ 1980ರಲ್ಲಿ ಮುಚ್ಚಿ, ರೈಲು ಬೇರೆ ದಾರಿ ಹಿಡಿಯಿತು. ಡಾರ್ವಿನ್‌ವರೆಗೆ ಅದು ಓಡತೊಡಗಿದ್ದು 2004ರಲ್ಲಿ.

ಇನ್ನು ಬ್ರೋಕನ್ ಹಿಲ್‌ನ ಮಸೀದಿಯ ಮಾತು. ತಗಡಿನ ಆ ಪುಟ್ಟ ಕಟ್ಟಡ ಈಗ ವಸ್ತುಸಂಗ್ರಹಾಲಯ. ಅಲ್ಲಿದ್ದ ಒಂದು ದಪ್ಪ ಗ್ರಂಥವನ್ನು ಬಹುಕಾಲ ಎಲ್ಲರೂ ಪವಿತ್ರ ಕುರ್‌ಆನ್ ಎಂದೇ ನಂಬಿದ್ದರು. ಇತಿಹಾಸಕಾರ್ತಿ ಸಾಮಿಯಾ ಖಾತೂನ್ ಪುಟ ತೆರೆದು ನೋಡಿದಾಗ ಅಕ್ಷರಗಳು ಅರಬ್ಬಿಯವಲ್ಲ, ಬಂಗಾಳಿಯವು. 1890ರ ದಶಕದಲ್ಲಿ ಕಲ್ಕತ್ತಾದಲ್ಲಿ ಅಚ್ಚಾದ 'ಕಸಸೋಲ್ ಅಂಬಿಯಾ', ಅಂದರೆ ಪ್ರವಾದಿಗಳ ಕಥೆಗಳು, ಪದ್ಯರೂಪದಲ್ಲಿ. ಆ ಎಳೆ ಹಿಡಿದು ಹೊರಟು ಆಕೆ 2018ರಲ್ಲಿ 'ಆಸ್ಟ್ರೇಲಿಯಾನಾಮಾ' ಎಂಬ ಗ್ರಂಥವನ್ನೇ ಬರೆದರು. ಅಫ್ಘಾನರ ಮಸೀದಿ ಎಂದು ಫಲಕ ಹೊತ್ತ ಆ ತಗಡಿನ ಗೋಡೆಗಳ ನಡುವೆ ಯಾರೋ ಬಂಗಾಳಿಯಲ್ಲಿ ಓದುತ್ತಿದ್ದರು.