ದಾರಿ ನಡೆದವರ ವಾದ್ಯಗಳು

ಹಾಡುಗಾರನ ವಾದ್ಯ ಹೇಗಿರಬೇಕೆಂಬುದನ್ನು ಅವನ ಕಿವಿಯಷ್ಟೇ ಅವನ ಹೆಗಲೂ ತೀರ್ಮಾನಿಸುತ್ತದೆ. ಊರಿಂದೂರಿಗೆ ಹೋಗಿ ಹಾಡುವವನು ತಾನು ಹೊರಲಾಗದ ವಾದ್ಯವನ್ನು ನೆಚ್ಚುವಂತಿಲ್ಲ. ರಾಯಚೂರು ಜಿಲ್ಲೆಯ ಹರಿದಾಸರು ಇದಕ್ಕೆ ಒಳ್ಳೆಯ ನಿದರ್ಶನ.

ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಸುತ್ತಣ ಸೀಮೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನಾಡು. ವಿಜಯನಗರದ ಪತನದ ನಂತರ ಸೊರಗಿದ್ದ ದಾಸಸಾಹಿತ್ಯ 18ನೇ ಶತಮಾನದಲ್ಲಿ ಮತ್ತೆ ಚಿಗುರಿದ್ದು ಇಲ್ಲಿಯೇ. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು (1682–1755), ಅವರ ಶಿಷ್ಯ, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಆನಂತರ ಮಾನ್ವಿಯ ಜಗನ್ನಾಥದಾಸರು (1728–1809) ಈ ಪರಂಪರೆಯ ಹಿರಿಯರು.

ಮನೆಮನೆಯ ಮುಂದೆ ಹಾಡಿ ಭಿಕ್ಷೆ ಬೇಡುವುದು ದಾಸರ ವೃತ್ತಿಧರ್ಮವಾಗಿತ್ತು. ಪಕ್ಕವಾದ್ಯದವರನ್ನು ಕರೆದೊಯ್ಯುವ ಅನುಕೂಲ ಅದರಲ್ಲಿರಲಿಲ್ಲ. ಹಾಗಾಗಿ ಒಂದು ಕೈಯಲ್ಲಿ ಹೆಗಲಿಗೊರಗಿದ ತಂಬೂರಿ, ಇನ್ನೊಂದರಲ್ಲಿ ಚಿಟಿಕೆ, ಕಾಲಿಗೆ ಗೆಜ್ಜೆ. ತಂತಿ ಶ್ರುತಿಯನ್ನು ಕಾಯುತ್ತದೆ, ಮರದ ಚಿಟಿಕೆ ತಾಳ ಹಾಕುತ್ತದೆ, ಹೆಜ್ಜೆ ಲಯವನ್ನು ಗಟ್ಟಿ ಮಾಡುತ್ತದೆ. ಒಬ್ಬನೇ ಮನುಷ್ಯ ಇಡೀ ಮೇಳವಾಗುತ್ತಾನೆ. ಇಷ್ಟು ಸಲಕರಣೆ ಸಾಕಾಗಿದ್ದರಿಂದಲೇ ದಾಸರ ಪದಗಳು ಮಠ ಮತ್ತು ಆಸ್ಥಾನಗಳನ್ನು ದಾಟಿ ಬೀದಿಗೆ ಬಂದವು.

19ನೇ ಶತಮಾನದಲ್ಲಿ ಇನ್ನೊಂದು ವಾದ್ಯ ಬಂತು. ಯೂರೋಪಿನ ಹಾರ್ಮೋನಿಯಂ ಕಾಲಿನಿಂದ ತಿದಿಯೊತ್ತುವ ಮೇಜಿನಂಥ ವಾದ್ಯ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದಕ್ಕೆ ಕೈತಿದಿ ಜೋಡಿಸಿ, ನೆಲದ ಮೇಲೆ ಕುಳಿತು ನುಡಿಸುವ ಪೆಟ್ಟಿಗೆಯಾಗಿ ಮಾರ್ಪಡಿಸಿದರು. ಹೊತ್ತೊಯ್ಯಲು ಸುಲಭವಾದ ಈ ಪೆಟ್ಟಿಗೆ ಕಂಪನಿ ನಾಟಕಕ್ಕೂ ಭಜನಾ ಮೇಳಕ್ಕೂ ಒಗ್ಗಿತು. ಆದರೆ ಅದರ ಸ್ವರಗಳು ಸ್ಥಿರ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಅದಕ್ಕೆ ಸಾಧ್ಯವಿಲ್ಲ. ಈ ಕೊರತೆಯನ್ನೂ ಮುಂದೊಡ್ಡಿ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತು. 1971ರಲ್ಲಿ ನಿರ್ಬಂಧ ಭಾಗಶಃ ಸಡಿಲವಾಯಿತು. ಸ್ಟುಡಿಯೋದ ಹೊರಗೆ, ಹಳ್ಳಿಯ ಗುಡಿಗಳಲ್ಲಿ, ಹಾರ್ಮೋನಿಯಂ ನಿಲ್ಲಲೇ ಇಲ್ಲ.

ಕಛೇರಿಯ ದೊಡ್ಡ ತಂಬೂರಿಯದು ಬೇರೆ ಕಷ್ಟ. ಗಡಿಯಾಚೆಯ ಮಿರಜಿನಲ್ಲಿ ತಯಾರಾಗುವ ತಂಬೂರಿಯ ಬುರುಡೆ ಒಣಗಿಸಿದ ಸೋರೆಕಾಯಿ. ಬಸ್ಸು, ರೈಲುಗಳ ನೂಕುನುಗ್ಗಲಿನಲ್ಲಿ ಅದು ಒಡೆಯುವ ಭಯ ತಪ್ಪದು. 1979ರಲ್ಲಿ ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಪ್ರವಾಸದ ಗಾಯಕರಿಗೆ ಅದು ವರವಾಯಿತು. ಈಗ ಅದೇ ನಾದ ಮೊಬೈಲ್ ಫೋನಿನಲ್ಲೂ ಸಿಗುತ್ತದೆ.

ಭಾರ ಇಳಿದಂತೆ ಒಂದು ಅಭ್ಯಾಸವೂ ಇಳಿದಿದೆ. ತಂಬೂರಿ ಹಿಡಿದವನು ಹಾಡುವ ಮೊದಲು ತಂತಿಗಳನ್ನು ಶ್ರುತಿಗೂಡಿಸಲೇಬೇಕು. ಹವೆ ಬದಲಾದರೆ ಮತ್ತೆ ಬಿರಡೆ ತಿರುಗಿಸಬೇಕು. ಕಿವಿ ಪಳಗುವುದು ಆ ಕೆಲಸದಲ್ಲಿ. ಗುಂಡಿ ಒತ್ತಿದರೆ ಶ್ರುತಿ ಸಿಗುವ ಕಾಲದಲ್ಲಿ ಆ ಪಾಠವನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಮಿರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕುಶಲಕರ್ಮಿಗೆ ಅದರಿಂದ ರಕ್ಷಣೆ ಸಿಗಬಹುದು. ತಂತಿ ಕೂಡಿಸುವ ವಿದ್ಯೆ ಉಳಿಯುವುದು ಮಾತ್ರ ಕಲಿಯುವವರ ಕೈಯಲ್ಲಿದೆ.