ಬಾಗಿಲು ತಟ್ಟಿದಾಗ ಗೊತ್ತಾದ ಕಾಯಿಲೆ

ಹಳೇ ಕಥೆ ಸರಣಿ, ಭಾಗ 7 👇

ಗೋಡೆ ಬಣ್ಣ ಚಕ್ಕೆ ಚಕ್ಕೆಯಾಗಿ ಏಳ್ತಾ ಇದ್ರೆ ಅಂಬೆಗಾಲಿಡೋ ಮಗು ಏನ್ ಮಾಡುತ್ತೆ ಹೇಳಿ? ಕಿತ್ತು ಬಾಯಿಗೆ ಹಾಕ್ಕೊಳ್ಳುತ್ತೆ. ಆ ಬಣ್ಣದಲ್ಲಿ ಸೀಸ ಇದ್ರೆ?

1969, ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್. ಪೋರ್ಟೊರಿಕೊದಿಂದ ಬಂದ ಬಡ ಕುಟುಂಬಗಳು ಬಾಡಿಗೆಗಿದ್ದ ಹಳೇ ಕಟ್ಟಡಗಳು. ಮನೆಯೊಳಗೆ ಸೀಸದ ಬಣ್ಣ ಬಳಿಯಬಾರದು ಅಂತ ನಗರದಲ್ಲಿ 1960ರಲ್ಲೇ ನಿಯಮ ಬಂದಿತ್ತು. ಆದ್ರೆ ಅದಕ್ಕೂ ಮುಂಚೆ ಬಳಿದಿದ್ದು ಗೋಡೆ ಮೇಲೆ ಹಾಗೇ ಇತ್ತು.

ಸೀಸ ಹೊಟ್ಟೆಗೆ ಹೋದ್ರೆ ದೊಡ್ಡವರಿಗಿಂತ ಮಕ್ಕಳ ಮೈ 4-5 ಪಟ್ಟು ಹೆಚ್ಚು ಹೀರಿಕೊಳ್ಳಬಹುದು. ಪೆಟ್ಟು ಬೀಳೋದು ಬೆಳೆಯುತ್ತಿರುವ ಮೆದುಳಿಗೆ. ಆದ್ರೆ ಮೊದಮೊದಲು ಹೊರಗೆ ಏನೂ ಕಾಣಲ್ಲ. ಸ್ವಲ್ಪ ಹೊಟ್ಟೆನೋವು, ಹಟ, ಊಟ ಬೇಡ ಅನ್ನೋದು. 'ಹಲ್ಲು ಬರ್ತಿರಬೇಕು' ಅಂದ್ಕೊಳ್ತಾರೆ. ಫಿಟ್ಸ್ ಬಂದು ಆಸ್ಪತ್ರೆಗೆ ಓಡೋ ಹೊತ್ತಿಗೆ ತಡವಾಗಿರುತ್ತೆ. ಅದಕ್ಕೇ ಚೆನ್ನಾಗಿ ಕಾಣೋ ಮಗುವನ್ನೂ ಪರೀಕ್ಷೆ ಮಾಡಬೇಕು.

ನಗರದ ಆರೋಗ್ಯ ಇಲಾಖೆ ಹತ್ರ ಟೆಸ್ಟ್ ಕಿಟ್‌ಗಳು ಇದ್ವು, ಬಳಸದೆ ಬಿದ್ದಿದ್ವು! ಯಂಗ್ ಲಾರ್ಡ್ಸ್ ಅನ್ನೋ ಪೋರ್ಟೊರಿಕನ್ ಸಂಘಟನೆಯ ಹುಡುಗ ಹುಡುಗಿಯರು, ಹೆಚ್ಚುಕಮ್ಮಿ ನಮ್ಮ ವಯಸ್ಸಿನವರೇ, ಇಲಾಖೆ ಕಚೇರಿಯಲ್ಲಿ ಧರಣಿ ಕೂತು 200 ಕಿಟ್ ಪಡೆದ್ರು. ವೈದ್ಯರು, ಮೆಡಿಕಲ್ ವಿದ್ಯಾರ್ಥಿಗಳ ಜೊತೆ ಮನೆ ಮನೆ ಬಾಗಿಲು ತಟ್ಟಿ ಮಕ್ಕಳ ಮೂತ್ರ ಪರೀಕ್ಷೆ ಮಾಡಿಸಿದ್ರು. ಸುಮಾರು ಮೂರರಲ್ಲಿ ಒಂದು ಮಗುವಿನ ಫಲಿತಾಂಶದಲ್ಲಿ ಸೀಸದ ಸುಳಿವು. ಸುದ್ದಿ ಪತ್ರಿಕೆಗಳಿಗೆ ಹೋಯ್ತು. 1970ರಲ್ಲಿ ನಗರ ಇದಕ್ಕಂತಲೇ ಒಂದು ವಿಭಾಗ ತೆರೀತು. 1971ರಲ್ಲಿ ಬಂದ ಅಮೆರಿಕದ ಕಾನೂನು ಇಂಥ ತಪಾಸಣೆಗೆ ನಗರಗಳಿಗೆ ಹಣ ಕೊಡೋ ದಾರಿ ಮಾಡ್ತು.

ಈಗ ಈ ಲೆಕ್ಕ ನೋಡಿ (ಬಿಕಾಂ ಓದೋ ನನಗೆ ಇಲ್ಲೇ ಕಣ್ಣು ನಿಂತಿದ್ದು). ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಸೀಸ ಇದ್ರೆ ಅಮೆರಿಕದಲ್ಲಿ ಎಚ್ಚರಿಕೆ ಗಂಟೆ?

1960ರ ದಶಕ: 60
1970: 40
1975: 30
1985: 25
1991: 10
2012: 5
2021: 3.5

ಅಂದ್ರೆ 1965ರಲ್ಲಿ 50 ಇದ್ದ ಮಗುವಿಗೆ 'ಏನೂ ಆಗಿಲ್ಲ' ಅಂತ ಹೇಳಿ ವಾಪಸ್ ಕಳಿಸ್ತಿದ್ರು. ಅದೇ ಮನೆಗೆ, ಅದೇ ಗೋಡೆ ಪಕ್ಕಕ್ಕೆ. ಸೀಸಕ್ಕೆ ಸುರಕ್ಷಿತ ಮಟ್ಟ ಅನ್ನೋದೇ ಗೊತ್ತಿಲ್ಲ ಅಂತಾರೆ ಈಗಿನ ತಜ್ಞರು.

ನಮ್ಮಲ್ಲಿ? 1990ರ ದಶಕದ ಕೊನೆಗೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿ ಹಲವು ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸ್ತು. 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ 10 ದಾಟಿತ್ತು. ಆಗ ದೊಡ್ಡ ಕಾರಣ ಪೆಟ್ರೋಲ್ ಹೊಗೆ. 2000ದಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಮನೆ ಬಣ್ಣಕ್ಕೆ 90 ಪಿಪಿಎಂ ಮಿತಿ ಬಂದಿದ್ದು ಮಾತ್ರ 2017ರಲ್ಲಿ. ಅದಕ್ಕೂ ಮುಂಚೆ ಬಳಿದ ಕಿಟಕಿ, ಬಾಗಿಲು ನಮ್ಮ ಮನೆಗಳಲ್ಲೂ ಹಾಗೇ ಇವೆ, ಅಲ್ವಾ?

ಹಬ್ಬಕ್ಕೆ ಹಳೇ ಬಣ್ಣ ಕೆರೆಸುವಾಗ ಒಣ ಪುಡಿ ಏಳದಂತೆ ಒದ್ದೆ ಮಾಡಿಸಿ, ಮಕ್ಕಳನ್ನ ದೂರ ಇಡಿ. ಅನುಮಾನ ಇದ್ರೆ ಮಕ್ಕಳ ಡಾಕ್ಟರ್ ಹತ್ರ ರಕ್ತದಲ್ಲಿನ ಸೀಸದ ಪರೀಕ್ಷೆ ಬಗ್ಗೆ ಕೇಳಿ. ಚಿಕ್ಕ ಮಕ್ಕಳಿರೋ ಅಕ್ಕ, ಅತ್ತಿಗೆಗೆ ಇದನ್ನ ಕಳಿಸಿ 🙏

#ಹಳೇಕಥೆ #ಇತಿಹಾಸ #ಸೀಸ #ಮಕ್ಕಳಆರೋಗ್ಯ